ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಅಪ್‌ಡೇಟ್ ತಲುಪಿಸುವ ದಾರಿಗಳು: ಯಾವುದು ಯಾರಿಗೆ ಹೊಂದುತ್ತದೆ

ವೆಬ್ ಸೇವೆಯಲ್ಲಿ ದೋಷವೊಂದು ಕಂಡುಬಂದರೆ, ಸರ್ವರಿನಲ್ಲಿ ಅದನ್ನು ಸರಿಪಡಿಸಿದ ಕೂಡಲೇ ಎಲ್ಲ ಬಳಕೆದಾರರಿಗೂ ಸರಿಯಾದದ್ದೇ ಸಿಗುತ್ತದೆ. ಬಳಕೆದಾರರ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಿರುವ ತಂತ್ರಾಂಶಕ್ಕೆ ಈ ಅನುಕೂಲವಿಲ್ಲ. ಹೊಸ ಆವೃತ್ತಿ ಬಿಡುಗಡೆಯಾಯಿತೆಂದು ಪ್ರಕಟಿಸಿದ ಮಾತ್ರಕ್ಕೆ ಅದು ಯಾರ ಯಂತ್ರಕ್ಕೂ ಹೋಗಿ ಸೇರುವುದಿಲ್ಲ, ಮತ್ತು ಹಳೆಯ ಆವೃತ್ತಿಯಲ್ಲೇ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುವವರು ವರ್ಷಗಳು ಕಳೆದರೂ ಇದ್ದೇ ಇರುತ್ತಾರೆ.

ಈ ಅಂತರವನ್ನು ತುಂಬಲು ಹಲವು ದಾರಿಗಳಿವೆ. ಅವುಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಎಲ್ಲವೂ ಸರಿಯಾಗಿ ನಡೆದಾಗ ಯಾವುದು ಸಲೀಸು ಎಂಬುದನ್ನು ನೋಡಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅಳತೆಗೋಲು ಬೇರೆಯೇ ಇರಬೇಕು. ತಂತ್ರಾಂಶದ ಉಳಿದ ಯಾವ ಭಾಗ ಕೆಟ್ಟರೂ ಅಪ್‌ಡೇಟ್ ಕಳುಹಿಸಿ ತಿದ್ದಬಹುದು. ಅಪ್‌ಡೇಟ್ ಮಾಡುವ ಭಾಗವೇ ಕೆಟ್ಟರೆ ತಿದ್ದುಪಡಿಯನ್ನು ಕಳುಹಿಸುವುದಕ್ಕೆ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಈ ಆಯ್ಕೆಯನ್ನು ಮೊದಲ ಆವೃತ್ತಿ ಹೊರಬೀಳುವ ಮುನ್ನವೇ ಮಾಡಬೇಕು, ಮತ್ತು ಪ್ರತಿಯೊಂದು ದಾರಿಯನ್ನೂ ಅದು ಕೈಕೊಟ್ಟ ದಿನ ಏನು ಮಾಡಬಹುದು ಎಂಬ ದೃಷ್ಟಿಯಿಂದ ತೂಗಿ ನೋಡಬೇಕು.

ಫೈಲುಗಳು ಎಲ್ಲಿರುತ್ತವೆ ಎಂಬುದೇ ಮೊದಲ ಪ್ರಶ್ನೆ

ಅಪ್‌ಡೇಟ್ ವಿಧಾನವನ್ನು ಹುಡುಕುವ ಮೊದಲು ತಂತ್ರಾಂಶವು ಯಾವ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಆಗುತ್ತದೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಅರ್ಧದಷ್ಟು ಆಯ್ಕೆಗಳು ಅಲ್ಲಿಯೇ ಕಳಚಿಹೋಗುತ್ತವೆ. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಬರೆಯಲು ಅಡ್ಮಿನ್ ಹಕ್ಕು ಬೇಕು. ಅಲ್ಲಿ ಇನ್‌ಸ್ಟಾಲ್ ಆದ ತಂತ್ರಾಂಶವು ತನ್ನನ್ನು ತಾನೇ ನವೀಕರಿಸಿಕೊಳ್ಳಲು ಹೊರಟಾಗಲೆಲ್ಲ ಅನುಮತಿ ಕೇಳುವ ಕಿಟಕಿ ತೆರೆದುಕೊಳ್ಳುತ್ತದೆ, ಮತ್ತು ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದ ಬಳಕೆದಾರ ಆ ಕಿಟಕಿಯನ್ನು ಮುಚ್ಚುವುದನ್ನು ಬಿಟ್ಟು ಬೇರೇನೂ ಮಾಡಲಾರ. ಇದರ ಬದಲು ಆಯಾ ಬಳಕೆದಾರನ ಲೋಕಲ್ ಆಪ್‌ಡೇಟಾ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಯಾವ ಅನುಮತಿಯೂ ಬೇಕಾಗುವುದಿಲ್ಲ. ಎಲೆಕ್ಟ್ರಾನ್ (ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಚೌಕಟ್ಟು) ಬಳಸಿದ ತಂತ್ರಾಂಶಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಸ್ಕ್ವಿರಲ್ ಎಂಬ ಅಪ್‌ಡೇಟ್ ಸಾಧನ ಹಿಡಿದದ್ದು ಇದೇ ದಾರಿಯನ್ನು.

ಆದರೆ ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಹಲವರು ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಖಾತೆಯಲ್ಲಿಯೂ ಒಂದೊಂದು ಪ್ರತಿ, ಒಂದೊಂದು ಆವೃತ್ತಿ ಉಳಿದುಬಿಡುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ವಿಂಡೋಸ್‌ನ ಆಪ್‌ಲಾಕರ್ ವ್ಯವಸ್ಥೆಯ ಪೂರ್ವನಿಯೋಜಿತ ನಿಯಮಗಳು ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳಲ್ಲಿರುವ ಪ್ರೋಗ್ರಾಂಗಳನ್ನು ಮಾತ್ರ ಚಲಾಯಿಸಲು ಬಿಡುತ್ತವೆ. ಬಿಗಿಯಾದ ಆಡಳಿತವಿರುವ ಕಚೇರಿಯಲ್ಲಿ ನಿಮ್ಮ ತಂತ್ರಾಂಶ ತೆರೆಯಲೇ ಇಲ್ಲ ಎಂಬ ದೂರಿಗೆ ಬಹುಪಾಲು ಇದೇ ಕಾರಣವಾಗಿರುತ್ತದೆ. ಮೇಲಾಗಿ ಸ್ಕ್ವಿರಲ್ ಪ್ರತಿ ಆವೃತ್ತಿಗೂ ಹೊಸ ಫೋಲ್ಡರನ್ನು ಸೃಷ್ಟಿಸುವುದರಿಂದ, ಹಳೆಯ ಹಾದಿಯನ್ನು ನಂಬಿ ಬರೆದ ಫೈರ್‌ವಾಲ್ ನಿಯಮಗಳು ಪ್ರತಿ ಅಪ್‌ಡೇಟ್ ನಂತರವೂ ಮುರಿದುಬೀಳುತ್ತವೆ. ಅದರ ಉತ್ತರಾಧಿಕಾರಿಯೆನ್ನಬಹುದಾದ ವೆಲೋಪ್ಯಾಕ್ ಒಂದೇ ಸ್ಥಿರ ಫೋಲ್ಡರನ್ನು ಬಳಸಿ ಈ ತೊಂದರೆಯನ್ನು ನಿವಾರಿಸಿದೆ.

ಮ್ಯಾಕ್‌ನಲ್ಲಿ ಬೇರೊಂದು ಸೂಕ್ಷ್ಮವಿದೆ. ಡೌನ್‌ಲೋಡ್ ಮಾಡಿದ ಆ್ಯಪನ್ನು ಅಪ್ಲಿಕೇಷನ್ಸ್ ಫೋಲ್ಡರಿಗೆ ಎಳೆದು ಹಾಕದೆ ಇದ್ದಲ್ಲಿಂದಲೇ ತೆರೆದರೆ, 2016ರ ಸಿಯೆರಾ ಆವೃತ್ತಿಯಿಂದೀಚೆಗೆ ಮ್ಯಾಕ್‌ಓಎಸ್ ಅದನ್ನು ಓದಲಷ್ಟೇ ಸಾಧ್ಯವಿರುವ ತಾತ್ಕಾಲಿಕ ಜಾಗದಿಂದ ನಡೆಸುತ್ತದೆ. ಅಂಥ ಜಾಗದಲ್ಲಿ ಯಾವ ಅಪ್‌ಡೇಟರೂ ಏನನ್ನೂ ಬದಲಾಯಿಸಲಾರದು. ಮೊದಲ ಸಲ ತೆರೆದಾಗಲೇ ಈ ಸ್ಥಿತಿಯನ್ನು ಗುರುತಿಸಿ, ಆ್ಯಪನ್ನು ಅಪ್ಲಿಕೇಷನ್ಸ್ ಫೋಲ್ಡರಿಗೆ ಸಾಗಿಸುವಂತೆ ಬಳಕೆದಾರನನ್ನು ಕೇಳಿಕೊಳ್ಳುವುದು ಒಳ್ಳೆಯದು.

ಸೂಚನೆ ಕೊಟ್ಟು ಸುಮ್ಮನಾಗುವುದು

ಎಲ್ಲಕ್ಕಿಂತ ಸರಳವಾದ ದಾರಿ ಇದು: ತಂತ್ರಾಂಶ ಆಗಾಗ ನಿಮ್ಮ ಸರ್ವರಿನಲ್ಲಿರುವ ಚಿಕ್ಕ ಫೈಲೊಂದನ್ನು ಓದಿ, ಹೊಸ ಆವೃತ್ತಿ ಇದ್ದರೆ ಹಾಗೆಂದು ತಿಳಿಸಿ, ಡೌನ್‌ಲೋಡ್ ಪುಟವನ್ನು ತೆರೆಯುತ್ತದೆ, ಉಳಿದದ್ದು ಬಳಕೆದಾರನಿಗೆ ಬಿಟ್ಟದ್ದು. ಇದನ್ನು ಹೀಗಳೆಯುವವರು ಹೆಚ್ಚು, ಆದರೆ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬದಲಾಗುವ, ಹೊರಗಿನಿಂದ ಬಂದ ಫೈಲುಗಳನ್ನು ತೆರೆಯದ ಸಣ್ಣ ಉಪಕರಣಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕೆಡುವ ಭಾಗಗಳು ಕಡಿಮೆ ಇರುವುದು ಇದರ ಗುಣ. ದೋಷವೆಂದರೆ, ಬಹಳ ಮಂದಿ ಆ ಸೂಚನೆಯನ್ನು ಮುಚ್ಚಿ ಕೆಲಸ ಮುಂದುವರಿಸುತ್ತಾರೆ. ಚಿತ್ರ, ದಾಖಲೆ, ವಿಡಿಯೋಗಳನ್ನು ತೆರೆಯುವ ಅಥವಾ ಜಾಲದ ಜೊತೆ ಮಾತಾಡುವ ತಂತ್ರಾಂಶದಲ್ಲಿ ಭದ್ರತಾ ಲೋಪ ಕಂಡುಬಂದಾಗ ಈ ನಿಧಾನವನ್ನು ಒಪ್ಪಿಕೊಳ್ಳಲಾಗದು.

ತಂತ್ರಾಂಶದೊಳಗೇ ಇರುವ ಅಪ್‌ಡೇಟರ್

ಸ್ವತಂತ್ರವಾಗಿ ವಿತರಿಸುವ ಹೆಚ್ಚಿನ ತಂಡಗಳಿಗೆ ಹೊಂದುವ ದಾರಿ ಇದು. ಮ್ಯಾಕ್‌ನಲ್ಲಿ ಸ್ಪಾರ್ಕಲ್, ವಿಂಡೋಸ್‌ನಲ್ಲಿ ವಿನ್‌ಸ್ಪಾರ್ಕಲ್ ಅಥವಾ ವೆಲೋಪ್ಯಾಕ್, ಎಲೆಕ್ಟ್ರಾನ್ ಬಳಸುವವರಿಗೆ ಎಲೆಕ್ಟ್ರಾನ್-ಅಪ್‌ಡೇಟರ್ ಎಂಬ ಸಿದ್ಧ ಲೈಬ್ರರಿಗಳು ಇವೆ. ಇವುಗಳ ನಡುವಿನ ವ್ಯತ್ಯಾಸಕ್ಕಿಂತ, ಇವುಗಳಲ್ಲೊಂದನ್ನು ಬಳಸುವುದಕ್ಕೂ ಸ್ವಂತದ್ದನ್ನು ಬರೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ದೊಡ್ಡದು. ಹೊಸ ಫೈಲನ್ನು ಇಳಿಸಿಕೊಂಡು ಹಳೆಯದರ ಜಾಗದಲ್ಲಿ ಇಡುವುದರಲ್ಲಿ ಏನು ಕಷ್ಟ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ವಿಂಡೋಸ್‌ನಲ್ಲಿ ಆ ಕ್ಷಣ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಕಷ್ಟ ಎಲ್ಲಿದೆ ಎಂಬುದು ತಿಳಿಯುತ್ತದೆ.

ಚಾಲನೆಯಲ್ಲಿರುವ ಪ್ರೋಗ್ರಾಂ ಫೈಲನ್ನು ಅಳಿಸುವುದಕ್ಕಾಗಲಿ ಅದರ ಮೇಲೆ ಬರೆಯುವುದಕ್ಕಾಗಲಿ ವಿಂಡೋಸ್ ಬಿಡುವುದಿಲ್ಲ. ಆದರೆ ಅದೇ ಡ್ರೈವಿನಲ್ಲಿ ಅದರ ಹೆಸರನ್ನು ಬದಲಾಯಿಸಲು ಬಿಡುತ್ತದೆ. ಹಾಗಾಗಿ ಅಪ್‌ಡೇಟರ್ ಹಳೆಯ ಫೈಲಿನ ಹೆಸರು ಬದಲಿಸಿ, ಹೊಸದನ್ನು ಅದರ ಜಾಗದಲ್ಲಿ ಇಟ್ಟು, ಮುಂದಿನ ಬಾರಿ ತೆರೆದಾಗ ಹಳೆಯದನ್ನು ಅಳಿಸಬೇಕು. ಇಲ್ಲವೇ ಬೇರೊಂದು ಚಿಕ್ಕ ಪ್ರೋಗ್ರಾಂ ಆರಂಭಿಸಿ, ಮುಖ್ಯ ತಂತ್ರಾಂಶ ಮುಚ್ಚುವವರೆಗೆ ಕಾದು, ಆಮೇಲೆ ಬದಲಾವಣೆ ಮಾಡಬೇಕು. ಈ ನಡುವೆ ಆ್ಯಂಟಿವೈರಸ್ ಹೊಸ ಫೈಲನ್ನು ಪರೀಕ್ಷಿಸುತ್ತಾ ಕೆಲವು ಸೆಕೆಂಡು ಹಿಡಿದಿಟ್ಟುಕೊಂಡಿರಬಹುದು, ಬಳಕೆದಾರ ಎರಡು ಕಿಟಕಿಗಳನ್ನು ತೆರೆದಿರಬಹುದು, ಹತ್ತು ಫೈಲುಗಳಲ್ಲಿ ಆರು ಬದಲಾದ ಮೇಲೆ ಡಿಸ್ಕ್ ತುಂಬಬಹುದು ಅಥವಾ ವಿದ್ಯುತ್ ಹೋಗಬಹುದು. ಅರ್ಧ ಹಳೆಯದು, ಅರ್ಧ ಹೊಸದು ಆಗಿ ಉಳಿದ ತಂತ್ರಾಂಶ ತೆರೆಯುವುದೇ ಇಲ್ಲ; ತೆರೆಯದ ತಂತ್ರಾಂಶದೊಳಗಿರುವ ಅಪ್‌ಡೇಟರಿಗೆ ಕೆಲಸ ಮಾಡುವ ಅವಕಾಶವೂ ಇಲ್ಲ. ಹೊಸ ಆವೃತ್ತಿಯನ್ನು ಪಕ್ಕದ ಫೋಲ್ಡರಿನಲ್ಲಿ ಪೂರ್ತಿ ಸಿದ್ಧಪಡಿಸಿ, ಪರಿಶೀಲಿಸಿ, ಕೊನೆಯಲ್ಲಿ ಒಂದೇ ಹೆಜ್ಜೆಯಲ್ಲಿ ಅದಲುಬದಲು ಮಾಡುವ ವಿಧಾನವನ್ನೇ ಆರಿಸಿಕೊಳ್ಳಿ. ಯಾವ ಲೈಬ್ರರಿಯನ್ನು ಪರಿಶೀಲಿಸುವಾಗಲೂ ನಾನು ಮೊದಲು ಹುಡುಕುವುದು ಇದನ್ನೇ.

ಪೂರ್ಣ ಫೈಲನ್ನು ಕಳುಹಿಸಬೇಕೇ, ವ್ಯತ್ಯಾಸವನ್ನಷ್ಟೇ ಕಳುಹಿಸಬೇಕೇ ಎಂಬ ಪ್ರಶ್ನೆಗೆ ಅನಗತ್ಯ ಮಹತ್ವ ಸಿಗುತ್ತದೆ. ಉಳಿತಾಯ ದೊಡ್ಡದೆನ್ನುವುದು ನಿಜ: 2009ರಲ್ಲಿ ಗೂಗಲ್ ವ್ಯತ್ಯಾಸದ ಫೈಲನ್ನು ಇನ್ನಷ್ಟು ಕುಗ್ಗಿಸುವ ತನ್ನ ಕೊರ್ಗೆಟ್ ತಂತ್ರವನ್ನು ಪ್ರಕಟಿಸಿದಾಗ ಕೊಟ್ಟ ಉದಾಹರಣೆಯಲ್ಲಿ ಕ್ರೋಮ್‌ನ ಪೂರ್ಣ ಅಪ್‌ಡೇಟ್ 1,03,85,920 ಬೈಟ್, ವ್ಯತ್ಯಾಸ ತೆಗೆಯುವ ಹಳೆಯ ವಿಧಾನವಾದ ಬಿಎಸ್‌ಡಿಫ್ ಬಳಸಿದರೆ 7,04,512 ಬೈಟ್, ಕೊರ್ಗೆಟ್ ಬಳಸಿದರೆ 78,848 ಬೈಟ್ ಇತ್ತು. ಕ್ರೋಮ್‌ನಷ್ಟು ಯಂತ್ರಗಳಿಗೆ ಕಳುಹಿಸುವವರಿಗೆ ಅದು ಬಹಳ ಮುಖ್ಯ. ಕೆಲವು ಸಾವಿರ ಬಳಕೆದಾರರಿರುವ ತಂತ್ರಾಂಶಕ್ಕೆ ಪೂರ್ಣ ಫೈಲೇ ಸಾಕು. ವ್ಯತ್ಯಾಸದ ಫೈಲು ಬಳಸುವುದಾದರೂ, ಅದನ್ನು ಹಳೆಯ ಫೈಲಿಗೆ ಅನ್ವಯಿಸಲಾಗದೆ ಹೋದಾಗ ತಾನಾಗಿಯೇ ಪೂರ್ಣ ಫೈಲಿಗೆ ಮರಳುವ ವ್ಯವಸ್ಥೆ ಇರಲೇಬೇಕು.

ಹಿನ್ನೆಲೆಯಲ್ಲಿ ನಡೆಯುವ ಸೇವೆ

ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿದ್ದೂ ಅನುಮತಿ ಕೇಳದೆ ನವೀಕರಣಗೊಳ್ಳುವುದು ಹೇಗೆಂದರೆ, ಹೆಚ್ಚಿನ ಹಕ್ಕು ಪಡೆದ ಸೇವೆಯೊಂದನ್ನು ಅವು ಮೊದಲ ಬಾರಿಗೇ ಇನ್‌ಸ್ಟಾಲ್ ಮಾಡಿಕೊಂಡಿರುತ್ತವೆ. ಈ ಕೆಲಸಕ್ಕೆಂದು ಗೂಗಲ್ ಬರೆದ ಒಮಾಹಾ 2009ರಲ್ಲಿ ಮುಕ್ತ ಆಕರವಾಯಿತು. ಮೊಝಿಲ್ಲಾ 2012ರಲ್ಲಿ ಫೈರ್‌ಫಾಕ್ಸ್ 12ರೊಂದಿಗೆ ತನ್ನ ಮೇಂಟೆನೆನ್ಸ್ ಸೇವೆಯನ್ನು ತಂದಿತು. ಬಳಕೆದಾರನ ಕಣ್ಣಿಗೆ ಇದರಷ್ಟು ಸುಗಮವಾದದ್ದು ಬೇರೊಂದಿಲ್ಲ, ಮುಖ್ಯ ತಂತ್ರಾಂಶ ತೆರೆಯದಷ್ಟು ಕೆಟ್ಟರೂ ಪ್ರತ್ಯೇಕ ಸೇವೆಯು ತಿದ್ದುಪಡಿಯನ್ನು ತರಬಲ್ಲುದು. ಆದರೆ ಅಡ್ಮಿನ್ ಹಕ್ಕಿನಿಂದ ಸದಾ ನಡೆಯುವ ಸೇವೆ ಎಂದರೆ ದಾಳಿಕೋರನಿಗೆ ಇಷ್ಟವಾದ ಗುರಿ. ಸಾಮಾನ್ಯ ಬಳಕೆದಾರನ ಖಾತೆಯಿಂದ ಯಾವುದೋ ಫೈಲನ್ನು ಅದರ ಮುಂದಿಟ್ಟು ಓಡಿಸುವಂತೆ ಮಾಡಲು ಸಾಧ್ಯವಾದರೆ ಇಡೀ ಯಂತ್ರವೇ ಅವನ ಕೈಸೇರುತ್ತದೆ. ಇಂಥ ಸೇವೆಯನ್ನು ಬರೆದು, ಪರಿಶೀಲಿಸಿ, ವರ್ಷಗಟ್ಟಲೆ ಕಾಯ್ದುಕೊಳ್ಳಬಲ್ಲ ಭದ್ರತಾ ತಜ್ಞರು ನಿಮ್ಮ ತಂಡದಲ್ಲಿ ಇಲ್ಲದಿದ್ದರೆ ಇದರ ಕಡೆ ಹೋಗಬೇಡಿ.

ಸ್ಟೋರ್ ಮೂಲಕ

ಮ್ಯಾಕ್ ಆ್ಯಪ್ ಸ್ಟೋರ್ 2011ರ ಜನವರಿಯಲ್ಲಿ ತೆರೆಯಿತು. ವಿಂಡೋಸ್‌ಗೆ ಸ್ಟೋರ್ ಬಂದದ್ದು 2012ರಲ್ಲಿ, ವಿಂಡೋಸ್ 8ರ ಜೊತೆಗೆ. ಸ್ಟೋರನ್ನು ಆರಿಸಿಕೊಂಡರೆ ಅಪ್‌ಡೇಟರ್ ಬರೆಯುವ, ಅದನ್ನು ಕಾಪಾಡುವ, ಡೌನ್‌ಲೋಡ್ ಸರ್ವರ್ ನಡೆಸುವ ಹೊಣೆಯೆಲ್ಲ ಬೇರೆಯವರದಾಗುತ್ತದೆ. ಅಪ್‌ಡೇಟರೇ ಕೆಡುವ ಅಪಾಯವೂ ನಿಮ್ಮ ತಲೆಯಿಂದ ಇಳಿಯುತ್ತದೆ, ಮತ್ತು ಈ ಲೇಖನದ ಅಳತೆಗೋಲಿನಲ್ಲಿ ಅದು ಸಣ್ಣ ಲಾಭವಲ್ಲ. ವಿಂಡೋಸ್ ಸ್ಟೋರಿನಲ್ಲಿ ಬಳಕೆಯಾಗುವ ಎಂಎಸ್‌ಐಎಕ್ಸ್ ಮಾದರಿಯ ಪ್ಯಾಕೇಜುಗಳಲ್ಲಿ ಫೈಲುಗಳನ್ನು 64 ಕೆಬಿ ತುಣುಕುಗಳಾಗಿ ಗುರುತಿಸಲಾಗಿರುವುದರಿಂದ ಬದಲಾದ ತುಣುಕುಗಳಷ್ಟೇ ಇಳಿಯುತ್ತವೆ. ಅದಕ್ಕಾಗಿ ನೀವು ಏನೂ ಮಾಡಬೇಕಿಲ್ಲ.

ಬದಲಿಗೆ ಕಳೆದುಕೊಳ್ಳುವುದು ಸಮಯದ ಮೇಲಿನ ಹಿಡಿತವನ್ನು. ಪ್ರತಿ ಆವೃತ್ತಿಯೂ ಪರಿಶೀಲನೆಗೆ ಕಾಯಬೇಕು. ಆ್ಯಪಲ್‌ನ ಸ್ಟೋರಿನಲ್ಲಿ ಹಿಂದಿನ ಆವೃತ್ತಿಗೆ ಮರಳಿಸುವ ಗುಂಡಿ ಇಲ್ಲ. ಕೆಟ್ಟ ಆವೃತ್ತಿ ಹೊರಬಿದ್ದರೆ ಹಳೆಯ ಕೋಡನ್ನೇ ಹೊಸ ಸಂಖ್ಯೆ ಕೊಟ್ಟು ಮತ್ತೆ ಪರಿಶೀಲನೆಗೆ ಕಳುಹಿಸಬೇಕು. ಮ್ಯಾಕ್ ಆ್ಯಪ್ ಸ್ಟೋರಿನ ಆ್ಯಪ್‌ಗಳು ಸ್ಯಾಂಡ್‌ಬಾಕ್ಸಿನ (ಆ್ಯಪನ್ನು ವ್ಯವಸ್ಥೆಯ ಉಳಿದ ಭಾಗದಿಂದ ಪ್ರತ್ಯೇಕಿಸುವ ಆವರಣದ) ಮಿತಿಯೊಳಗೇ ನಡೆಯಬೇಕಾದ್ದರಿಂದ, ವ್ಯವಸ್ಥೆಯ ಆಳಕ್ಕೆ ಕೈಹಾಕುವ ಉಪಕರಣಗಳಿಗೆ ಅಲ್ಲಿ ಜಾಗವಿಲ್ಲ. ಮಾರಾಟದ ಮೇಲಿನ ಕಮಿಷನ್ ಲೆಕ್ಕ ಬೇರೆಯೇ ಇದೆ: ಆ್ಯಪಲ್ ಸಾಮಾನ್ಯವಾಗಿ 30 ಶೇಕಡಾ, ಸಣ್ಣ ಉದ್ಯಮಗಳ ಕಾರ್ಯಕ್ರಮದಡಿ 15 ಶೇಕಡಾ ತೆಗೆದುಕೊಳ್ಳುತ್ತದೆ, ಮೈಕ್ರೋಸಾಫ್ಟ್ 2021ರಿಂದ, ಆಟಗಳನ್ನು ಹೊರತುಪಡಿಸಿ, ಸ್ವಂತ ಪಾವತಿ ವ್ಯವಸ್ಥೆ ಬಳಸುವವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಎಂಎಸ್‌ಐಎಕ್ಸನ್ನು ಸ್ಟೋರಿನ ಹೊರಗೆ, ನಿಮ್ಮದೇ ಸರ್ವರಿನಿಂದ, ಆಪ್ ಇನ್‌ಸ್ಟಾಲರ್ ಫೈಲಿನ ಮೂಲಕ ಹಂಚುವ ಮಧ್ಯದ ದಾರಿಯೂ ಇದೆ. ಆದರೆ ವೆಬ್ ಪುಟದಿಂದ ನೇರವಾಗಿ ಇನ್‌ಸ್ಟಾಲ್ ಮಾಡಿಸುವ ಕೊಂಡಿಯನ್ನು ದುರುದ್ದೇಶದ ತಂತ್ರಾಂಶ ಹರಡುವವರು ಬಳಸಿಕೊಂಡ ಕಾರಣ, 2023ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿತು. ಆ ಒಂದು ಕೊಂಡಿಯನ್ನೇ ನೆಚ್ಚಿಕೊಂಡಿದ್ದವರು ತಮ್ಮ ಸೂಚನೆಗಳನ್ನೆಲ್ಲ ತಿದ್ದಬೇಕಾಯಿತು. ಬೇರೆಯವರ ಹಾದಿಯಲ್ಲಿ ನಡೆಯುವಾಗ ಹಾದಿ ತಿರುಗಿದಂತೆ ತಿರುಗಬೇಕಾಗುತ್ತದೆ.

ಪ್ಯಾಕೇಜ್ ಮ್ಯಾನೇಜರುಗಳು

ತಂತ್ರಾಂಶಗಳನ್ನೆಲ್ಲ ಒಂದೇ ಕಡೆಯಿಂದ ಇನ್‌ಸ್ಟಾಲ್ ಮಾಡಿ ನವೀಕರಿಸುವ ಪ್ಯಾಕೇಜ್ ಮ್ಯಾನೇಜರನ್ನು ಬಳಸುವುದು ಲಿನಕ್ಸ್‌ನಲ್ಲಿ ಆಯ್ಕೆಯ ಮಾತೇ ಅಲ್ಲ. ಅಲ್ಲಿನ ಬಳಕೆದಾರರು ಎಪಿಟಿ, ಡಿಎನ್‌ಎಫ್, ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಮೂಲಕವೇ ಅಪ್‌ಡೇಟ್ ಬರಬೇಕೆಂದು ನಿರೀಕ್ಷಿಸುತ್ತಾರೆ, ತನ್ನನ್ನು ತಾನೇ ತಿದ್ದಿಕೊಳ್ಳುವ ತಂತ್ರಾಂಶವನ್ನು ಅನುಮಾನದಿಂದ ನೋಡುತ್ತಾರೆ. ಲಿನಕ್ಸ್ ವಿತರಣೆಯ (ಡಿಸ್ಟ್ರೋ) ಅಧಿಕೃತ ಭಂಡಾರದಲ್ಲಿ ಸೇರಿದರೆ ನಂಬಿಕೆ ಹೆಚ್ಚು, ವೇಗ ಕಡಿಮೆ. ಸ್ಥಿರ ಬಿಡುಗಡೆಗಳಲ್ಲಿ ನಿಮ್ಮ ಹಳೆಯ ಆವೃತ್ತಿಯೇ ವರ್ಷಗಳವರೆಗೆ ಉಳಿಯುತ್ತದೆ. ವಿಎಸ್ ಕೋಡ್ ಮತ್ತು ಕ್ರೋಮ್ ಮಾಡುವಂತೆ ಸ್ವಂತ ಭಂಡಾರ ನಡೆಸಿದರೆ ವೇಗ ಸಿಗುತ್ತದೆ, ಆದರೆ ಫೈಲುಗಳು ಅಸಲಿ ಎಂದು ತೋರಿಸುವ, ಆ ಭಂಡಾರದ ಡಿಜಿಟಲ್ ಸಹಿಯ ಕೀಲಿಯ ಅವಧಿ ಮುಗಿಯುವ ದಿನವನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕು. ಸ್ನ್ಯಾಪ್ ದಿನಕ್ಕೆ ನಾಲ್ಕು ಬಾರಿ ತಾನಾಗಿಯೇ ಹೊಸದನ್ನು ಹುಡುಕುತ್ತದೆ ಮತ್ತು ಹಿಂದಿನ ಆವೃತ್ತಿಯನ್ನು ಉಳಿಸಿಕೊಂಡಿರುವುದರಿಂದ ಒಂದೇ ಆದೇಶದಲ್ಲಿ ಹಿಂದಿರುಗಬಹುದು. ಹಿಂದಿರುಗುವ ಈ ಸೌಲಭ್ಯವನ್ನು ನಾನು ಅದರ ಉಳಿದೆಲ್ಲ ಗುಣಗಳಿಗಿಂತ ಮೇಲೆ ಇಡುತ್ತೇನೆ.

ವಿಂಡೋಸ್‌ನ ವಿನ್‌ಗೆಟ್ ಮತ್ತು ಮ್ಯಾಕ್‌ನ ಹೋಂಬ್ರೂಗಳನ್ನು ಮುಖ್ಯ ದಾರಿಯಾಗಿ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಅವುಗಳನ್ನು ಬಳಸುವವರು ಬಹುತೇಕ ತಾಂತ್ರಿಕ ಹಿನ್ನೆಲೆಯವರೇ. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ವಿನ್‌ಗೆಟ್‌ನ ವಿವರಪಟ್ಟಿಯಲ್ಲಿ ಪ್ರತಿ ಇನ್‌ಸ್ಟಾಲರಿನ ವಿಳಾಸದ ಜೊತೆ ಅದರ ಎಸ್‌ಎಚ್‌ಎ-256 ಮೊತ್ತವೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ದಾಖಲಾಗಿರುತ್ತದೆ. ನೀವು ಆವೃತ್ತಿ ಸಂಖ್ಯೆಯಿಲ್ಲದ ಒಂದೇ ವಿಳಾಸದಲ್ಲಿ ಪ್ರತಿ ಬಾರಿಯೂ ಫೈಲನ್ನು ಬದಲಾಯಿಸುತ್ತಿದ್ದರೆ ಮೊತ್ತ ತಾಳೆಯಾಗದೆ ಇನ್‌ಸ್ಟಾಲ್ ನಿಂತುಹೋಗುತ್ತದೆ. ಪ್ರತಿ ಆವೃತ್ತಿಗೂ ಶಾಶ್ವತವಾದ ಪ್ರತ್ಯೇಕ ವಿಳಾಸ ಕೊಡುವುದರಿಂದ ಈ ತೊಂದರೆ ತಪ್ಪುತ್ತದೆ.

ಯಂತ್ರ ಬಳಕೆದಾರನದಲ್ಲದಿದ್ದಾಗ

ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಯಂತ್ರದ ಮೇಲಿನ ಅಧಿಕಾರ ಐಟಿ ವಿಭಾಗದ್ದು. ಅವರಿಗೆ ಬೇಕಾದದ್ದು ಇಂಟ್ಯೂನ್, ಜ್ಯಾಮ್ಫ್ ಮುಂತಾದ, ಹಲವು ಯಂತ್ರಗಳನ್ನು ಒಟ್ಟಿಗೆ ನಿರ್ವಹಿಸುವ ಆಡಳಿತ ಸಾಧನಗಳ ಮೂಲಕ ಮೌನವಾಗಿ ಇನ್‌ಸ್ಟಾಲ್ ಮಾಡಬಹುದಾದ ಪ್ಯಾಕೇಜು, ಮತ್ತು ನಿಮ್ಮ ಅಪ್‌ಡೇಟರನ್ನು ಪೂರ್ತಿಯಾಗಿ ನಿಲ್ಲಿಸುವ ಒಂದು ಸೆಟ್ಟಿಂಗ್. ಎರಡನೆಯದನ್ನು ಮರೆಯುವ ತಂಡಗಳೇ ಹೆಚ್ಚು. ವಿಂಡೋಸ್ ಇನ್‌ಸ್ಟಾಲರ್ ಬಳಸುವ ಎಂಎಸ್‌ಐ ಪ್ಯಾಕೇಜಿನ ಮೂಲಕ ಇನ್‌ಸ್ಟಾಲ್ ಆದ ತಂತ್ರಾಂಶ ಆಮೇಲೆ ತನ್ನ ಫೈಲುಗಳನ್ನು ತಾನೇ ಬದಲಾಯಿಸಿಕೊಂಡರೆ, ವಿಂಡೋಸ್‌ನ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ, ಮತ್ತು ಆ ದಾಖಲೆಯನ್ನು ನಂಬಿದ ಆಡಳಿತ ಸಾಧನವು ಈಗಾಗಲೇ ಆದ ಅಪ್‌ಡೇಟನ್ನು ಮತ್ತೆ ಮತ್ತೆ ತಳ್ಳುತ್ತಿರುತ್ತದೆ. ಇನ್ನೊಂದು ಹಳೆಯ ಬಲೆ: ವಿಂಡೋಸ್ ಇನ್‌ಸ್ಟಾಲರ್ ಆವೃತ್ತಿ ಸಂಖ್ಯೆಯ ಮೊದಲ ಮೂರು ಭಾಗಗಳನ್ನಷ್ಟೇ ಹೋಲಿಸುತ್ತದೆ. 4.2.1.7 ಮತ್ತು 4.2.1.8 ಅದರ ಕಣ್ಣಿಗೆ ಒಂದೇ. ನಾಲ್ಕನೆಯ ಭಾಗದಲ್ಲಿ ಮಾತ್ರ ಬದಲಾವಣೆ ಮಾಡಿ ಬಿಟ್ಟ ತುರ್ತು ತಿದ್ದುಪಡಿಯನ್ನು ಅದು ಹೊಸ ಆವೃತ್ತಿಯೆಂದು ಗುರುತಿಸುವುದಿಲ್ಲ.

ಸಹಿ ಮತ್ತು ಹಂತ ಹಂತದ ಬಿಡುಗಡೆ

ಸ್ಟೋರ್ ಹೊರತಾಗಿ ಯಾವ ದಾರಿ ಹಿಡಿದರೂ ಈ ಎರಡನ್ನು ನೀವೇ ಕಟ್ಟಿಕೊಳ್ಳಬೇಕು. ಅಪ್‌ಡೇಟ್ ಮಾರ್ಗವೆಂದರೆ ಬಳಕೆದಾರರ ಯಂತ್ರಗಳಲ್ಲಿ ಕೋಡ್ ಓಡಿಸುವ ಅಧಿಕಾರ, ಮತ್ತು ಅದನ್ನು ಕಸಿದುಕೊಳ್ಳಲು ಬಯಸುವವರು ಇದ್ದಾರೆ. 2016ರಲ್ಲಿ ಸ್ಪಾರ್ಕಲ್ ಬಳಸುವ ಹಲವು ಮ್ಯಾಕ್ ಆ್ಯಪ್‌ಗಳು ಅಪಾಯಕ್ಕೆ ತೆರೆದುಕೊಂಡಿದ್ದು ಬೆಳಕಿಗೆ ಬಂತು. ಅವು ಅಪ್‌ಡೇಟ್ ಪಟ್ಟಿಯನ್ನು ಗೂಢಲಿಪಿಯಿಲ್ಲದ ಎಚ್‌ಟಿಟಿಪಿ ಮೂಲಕ ತರುತ್ತಿದ್ದವು. ಎಚ್‌ಟಿಟಿಪಿಎಸ್ ಬಳಸಿದರಷ್ಟೇ ಸಾಲದು, ಏಕೆಂದರೆ ಸರ್ವರೇ ಶತ್ರುವಿನ ಕೈಗೆ ಸಿಗಬಹುದು. ಫೈಲಿಗೆ ಪ್ರತ್ಯೇಕ ಸಹಿ ಇರಬೇಕು, ಸಹಿ ಹಾಕುವ ಖಾಸಗಿ ಕೀಲಿ ಡೌನ್‌ಲೋಡ್ ಸರ್ವರಿನಲ್ಲಿ ಇರಕೂಡದು, ಮತ್ತು ಇನ್‌ಸ್ಟಾಲ್ ಆಗಿರುವುದಕ್ಕಿಂತ ಹಳೆಯ ಆವೃತ್ತಿಯನ್ನು ಸಹಿ ಸರಿಯಿದ್ದರೂ ಅಪ್‌ಡೇಟರ್ ತಿರಸ್ಕರಿಸಬೇಕು. ಇಲ್ಲದಿದ್ದರೆ ಲೋಪವಿರುವ ಹಳೆಯ ಆವೃತ್ತಿಯನ್ನೇ ದಾಳಿಕೋರ ಮರಳಿ ಇನ್‌ಸ್ಟಾಲ್ ಮಾಡಿಸಬಲ್ಲ. ಸಹಿಗೂ ಒಂದು ಮಿತಿಯಿದೆ: 2017ರಲ್ಲಿ ಕಂಪ್ಯೂಟರ್ ಸ್ವಚ್ಛಗೊಳಿಸುವ ತಂತ್ರಾಂಶವಾದ ಸಿಕ್ಲೀನರ್ 5.33ರೊಳಗೆ ಸೇರಿಕೊಂಡ ದುಷ್ಟ ಕೋಡ್, ತಯಾರಕರ ಅಸಲಿ ಸಹಿಯೊಂದಿಗೇ ಸುಮಾರು 22.7 ಲಕ್ಷ ಬಳಕೆದಾರರನ್ನು ತಲುಪಿತು. ಫೈಲು ನಿರ್ಮಾಣವಾಗುವ ಯಂತ್ರವೇ ಕಲುಷಿತವಾದರೆ ಸಹಿಯು ಕಲುಷಿತ ಫೈಲಿಗೇ ಬೀಳುತ್ತದೆ.

ಕೀಲಿ ಕಳೆದುಹೋಗುವ ಸಾಧ್ಯತೆಗೂ ಮೊದಲೇ ಉತ್ತರ ಬೇಕು. ಸ್ಪಾರ್ಕಲ್ ತನ್ನದೇ ಸಹಿಯನ್ನೂ ಆ್ಯಪಲ್‌ನ ಕೋಡ್ ಸಹಿಯನ್ನೂ ಬಳಸುವುದರಿಂದ, ಎರಡನ್ನೂ ಒಟ್ಟಿಗೆ ಬದಲಾಯಿಸದಿದ್ದರೆ, ಒಂದರ ನೆರವಿನಿಂದ ಇನ್ನೊಂದನ್ನು ಬದಲಾಯಿಸಬಹುದು. ಒಂದೇ ಕೀಲಿಯನ್ನು ನಂಬುವ ಅಪ್‌ಡೇಟರಿನಲ್ಲಿ ಅದು ಹೋದರೆ ಹಳೆಯ ಬಳಕೆದಾರರೆಲ್ಲರೂ ಕೈತಪ್ಪಿದಂತೆಯೇ.

ಹಂತ ಹಂತದ ಬಿಡುಗಡೆಯ ಅಗತ್ಯವನ್ನು 2024ರ ಜುಲೈ 19ರ ಘಟನೆಯಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಿಲ್ಲ. ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್ ಅಂದು ಎಲ್ಲರಿಗೂ ಒಟ್ಟಿಗೆ ಕಳುಹಿಸಿದ ದೋಷಪೂರಿತ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ದೋಷಪೂರಿತ ಫೈಲನ್ನು 78 ನಿಮಿಷಗಳಲ್ಲೇ ಹಿಂತೆಗೆದುಕೊಳ್ಳಲಾಯಿತು, ಆದರೆ ಬೂಟ್ ಆಗುವಷ್ಟರಲ್ಲೇ ಕುಸಿಯುತ್ತಿದ್ದ ಯಂತ್ರಗಳಿಗೆ ತಿದ್ದುಪಡಿ ತಲುಪುವ ದಾರಿ ಇರಲಿಲ್ಲ. ಜನ ಒಂದೊಂದೇ ಯಂತ್ರದ ಮುಂದೆ ಕುಳಿತು ಫೈಲನ್ನು ಅಳಿಸಬೇಕಾಯಿತು. ಮೊದಲು ನೂರಕ್ಕೆ ಒಬ್ಬರಿಗೆ, ಒಂದು ದಿನ ಕಾದು ಹತ್ತು ಮಂದಿಗೆ, ಆಮೇಲೆ ಎಲ್ಲರಿಗೆ ಎಂಬ ಕ್ರಮವಿದ್ದರೆ ಕೆಟ್ಟ ಆವೃತ್ತಿಯನ್ನು ಒಂದನೆಯ ಹಂತದಲ್ಲೇ ತಡೆಯಬಹುದು. ಸ್ಪಾರ್ಕಲ್‌ನಲ್ಲಿ ಇದಕ್ಕಾಗಿ ಬಳಕೆದಾರರನ್ನು ಏಳು ಗುಂಪುಗಳಾಗಿ ಹಂಚುವ ಸೌಲಭ್ಯವಿದೆ, ಆ್ಯಪಲ್‌ನ ಸ್ಟೋರ್ ಏಳು ದಿನಗಳ ಕ್ರಮವನ್ನು ಒದಗಿಸುತ್ತದೆ, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಶೇಕಡಾವಾರು ನಿಗದಿಪಡಿಸಬಹುದು. ಆದರೆ ಮೊದಲ ಹಂತದಲ್ಲಿ ಏನಾದರೂ ಕೆಟ್ಟಿತೇ ಎಂಬುದು ನಿಮಗೆ ತಿಳಿಯುವ ವ್ಯವಸ್ಥೆ ಇಲ್ಲದಿದ್ದರೆ ಇದು ವಿಳಂಬ ಮಾತ್ರ. ಕ್ರ್ಯಾಶ್ ವರದಿಯೋ, ಹೊಸ ಆವೃತ್ತಿ ಸರಿಯಾಗಿ ತೆರೆಯಿತೆಂದು ತಿಳಿಸುವ ಸಂಕೇತವೋ ಏನಾದರೊಂದು ಇರಬೇಕು, ಮತ್ತು ಅದನ್ನು ಸಂಗ್ರಹಿಸುತ್ತಿದ್ದೀರೆಂದು ಬಳಕೆದಾರರಿಗೆ ಗೊತ್ತಿರಬೇಕು.

ಹಾಗಾದರೆ ಯಾವುದು

ಸಾಮಾನ್ಯ ಗ್ರಾಹಕರಿಗೆ ಮಾರುವ, ಸ್ಯಾಂಡ್‌ಬಾಕ್ಸಿನ ಮಿತಿ ಅಡ್ಡಿಯಾಗದ ತಂತ್ರಾಂಶವಾದರೆ, ಮತ್ತು ತಂಡದಲ್ಲಿ ಒಬ್ಬಿಬ್ಬರೇ ಇದ್ದರೆ, ಸ್ಟೋರಿನಿಂದ ಆರಂಭಿಸುವುದು ಲೇಸು. ಕಮಿಷನ್ ಅಥವಾ ಮಿತಿಗಳು ಒಗ್ಗದಿದ್ದರೆ, ಬಳಕೆದಾರನ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಆಗುವ ಪ್ಯಾಕೇಜು ಮತ್ತು ಹೆಸರಾಂತ ಲೈಬ್ರರಿಯ ಅಪ್‌ಡೇಟರ್ ಇರಲಿ. ಸಂಸ್ಥೆಗಳಿಗೂ ಮಾರುವುದಾದರೆ ಅದರ ಪಕ್ಕದಲ್ಲಿ ಅಪ್‌ಡೇಟರ್ ನಿಷ್ಕ್ರಿಯವಾಗಿರುವ ಎಂಎಸ್‌ಐ ಪ್ಯಾಕೇಜನ್ನೂ ಕೊಡಿ. ಗ್ರಾಹಕರೆಲ್ಲ ಸಂಸ್ಥೆಗಳೇ ಆಗಿದ್ದರೆ ಒಳ ಅಪ್‌ಡೇಟರಿನ ಗೋಜೇ ಬೇಡ. ಒಂದೇ ತಂತ್ರಾಂಶವನ್ನು ಎರಡು ದಾರಿಗಳಲ್ಲಿ ಹಂಚುವಾಗ, ತಾನು ಯಾವ ದಾರಿಯಲ್ಲಿ ಬಂದೆನೆಂಬುದನ್ನು ಅದು ತಿಳಿದಿರಬೇಕು; ಸ್ಟೋರಿನಿಂದ ಬಂದ ಪ್ರತಿಯೂ ಫ್ಲ್ಯಾಟ್‌ಪ್ಯಾಕ್ ಪ್ರತಿಯೂ ಸ್ವಂತ ಅಪ್‌ಡೇಟರನ್ನು ಎಬ್ಬಿಸಬಾರದು.

ಮೊದಲ ಆವೃತ್ತಿಯನ್ನು ಬಿಡುವ ಮುನ್ನ ಅದರಿಂದ ಎರಡನೆಯದಕ್ಕೂ, ಎರಡನೆಯದನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೂ ಹೋಗಬಲ್ಲುದೇ ಎಂಬುದನ್ನು ಸಾಮಾನ್ಯ ಹಕ್ಕಿನ ಖಾತೆಯಲ್ಲಿ, ಮಧ್ಯದಲ್ಲಿ ಜಾಲಸಂಪರ್ಕ ಕಡಿದು, ಪರೀಕ್ಷಿಸಿ ನೋಡಿ. ಅಪ್‌ಡೇಟ್ ಪಟ್ಟಿಯ ವಿಳಾಸ ಪ್ರತಿ ಪ್ರತಿಯೊಳಗೂ ಅಚ್ಚಾಗಿ ಹೋಗುವುದರಿಂದ ಅದು ನಿಮ್ಮದೇ ಡೊಮೇನಿನಲ್ಲಿರಲಿ, ಹೋಸ್ಟಿಂಗ್ ಸೇವೆಯೊಂದು ಕೊಟ್ಟ ಉಪವಿಳಾಸದಲ್ಲಿ ಬೇಡ. ಉತ್ಪನ್ನವನ್ನು ನಿಲ್ಲಿಸಿದ ಮೇಲೂ ಆ ಡೊಮೇನಿನ ನೋಂದಣಿಯನ್ನು ನವೀಕರಿಸುತ್ತಲೇ ಇರಬೇಕು, ಏಕೆಂದರೆ ಉಳಿದ ಪ್ರತಿಗಳು ಅದೇ ವಿಳಾಸವನ್ನು ಕೇಳುತ್ತಲೇ ಇರುತ್ತವೆ, ಮತ್ತು ಬಿಟ್ಟುಹೋದ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು.